ನಿಂಬೆಹಣ್ಣು, ಏಣಿ, ಕುದುರೆ

ಸಿಸ್ಟರ್ ತೀರಿಕೊಂಡ ಸುದ್ದಿ ಬಂದಾಗ ನಾನು ಇವರಿಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಇವರು ಅಂದರೆ ನನ್ನ ಗಂಡ. ಒಂದು ಚಮಚ ಬಾಯಿಗಿಟ್ಟು, ಅದು ಗಂಟಲಿಳಿಯಿತೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಇನ್ನೊಂದು ಚಮಚ. ಅರ್ಧ ಲೋಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ. ಆ ಕಡೆ ಸಿಸ್ಟರ್ ಮಗಳು. "ಟೀಚರ್, ಅಮ್ಮ ಬೆಳಿಗ್ಗೆ ಹೋಗ್ಬಿಟ್ರು" ಎಂದಳು. ಇವರು ಇನ್ನೂ ನುಂಗಿರಲಿಲ್ಲ, ನನ್ನ ಕಣ್ಣು ಇವರ ಗಂಟಲ ಮೇಲೇ ಇತ್ತು. ಹಾಗೆ ಗಂಟಲು ನೋಡುವುದನ್ನು ನನಗೆ ಕಲಿಸಿದವರೇ ಸಿಸ್ಟರ್.

ಅವರಿಗೂ ಒಂದು ಹೆಸರಿತ್ತು. ಆದರೆ ಬಸವೇಶ್ವರನಗರದಿಂದ ಹೊಸಹಳ್ಳಿಯವರೆಗೆ ಅವರು ಹೋಗಿಬರುತ್ತಿದ್ದ ಮನೆಗಳಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನನಗೆ ಗೊತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಆಮೇಲೆ ವಿಜಯನಗರದ ಒಬ್ಬ ಡಾಕ್ಟರ ಹತ್ತಿರ ಸೇರಿಕೊಂಡರು. ಮರೆವಿನ ಕಾಯಿಲೆಯವರ ಮನೆಗೆ ಹೋಗಿ, ಕಾಯಿಲೆ ಯಾವ ಹಂತಕ್ಕೆ ಬಂದಿದೆ ಎಂದು ನೋಡಿ ಬರೆದುಕೊಡುವುದು ಅವರ ಕೆಲಸ. ಅದನ್ನು ನೋಡಿ ಡಾಕ್ಟರು ಮಾತ್ರೆ ಬದಲಾಯಿಸುತ್ತಿದ್ದರು. ಮನೆಯವರು ಇನ್ನು ಮೇಲೆ ಏನು ಮಾಡಬೇಕು, ಏನು ಬಿಡಬೇಕು ಎಂದು ಹೇಳುವುದು ಸಿಸ್ಟರ್ ಪಾಲಿಗೆ.

ಕುಳ್ಳಗಿನ ಹೆಂಗಸು. ಎಣ್ಣೆ ಹಚ್ಚಿ ಬಿಗಿದ ಜಡೆ. ಕಾಟನ್ ಸೀರೆಯ ಕೆಳಗೆ ನರ್ಸುಗಳು ಹಾಕುವ ಬಿಳಿ ಶೂ. ನಿವೃತ್ತರಾದ ಮೇಲೂ ಅದನ್ನು ಬಿಡಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಮನೆ. ಗಾರ್ಮೆಂಟ್ಸ್ ಹೆಂಗಸರಿಂದ ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದರು. ಬಾಗಿಲ ಹತ್ತಿರ ಶೂ ಬಿಟ್ಟು, ಕೈಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಒಳಗೆ ಬರುವುದು ಅವರ ಪದ್ಧತಿ. ಯಾಕೆಂದು ಕೇಳಿದ್ದಕ್ಕೆ, ತಾನು ಗಡಿಯಾರ ನೋಡಿದರೆ ರೋಗಿ ಅವಸರಕ್ಕೆ ಬೀಳುತ್ತಾರೆ, ಅವಸರಕ್ಕೆ ಬಿದ್ದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ ಎಂದರು. ಬಂದವರು ನೇರ ರೋಗಿಯ ಹತ್ತಿರ ಹೋಗುತ್ತಿರಲಿಲ್ಲ. ಮೊದಲು ಅಡಿಗೆಮನೆ, ಆಮೇಲೆ ಬಚ್ಚಲು. ಗ್ಯಾಸಿನ ಒಲೆಯ ತಿರುಪು, ಬಚ್ಚಲ ಒಳಚಿಲಕ, ನೆಲದ ಮೇಲಿನ ಕಾಲೊರಸು, ಎಲ್ಲದರ ಮೇಲೂ ಕಣ್ಣಾಡಿಸಬೇಕು. ನನಗೆ ಮೊದಲ ದಿನ ಸಿಟ್ಟೇ ಬಂದಿತ್ತು. ಇವರ ತಲೆ ನೋಡಲು ಬಂದವರಿಗೆ ನನ್ನ ಸಿಂಕಿನಲ್ಲಿ ಏನು ಕೆಲಸ ಎಂದುಕೊಂಡಿದ್ದೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ನಿವೃತ್ತಿಯಾದ ಮೇಲೂ ಮನೆಯಲ್ಲಿ ಟ್ಯೂಷನ್ ಮಾಡಿದವಳು. ಎಂಥ ದಡ್ಡನನ್ನೂ ಎಸ್ಸೆಸ್ಸೆಲ್ಸಿ ದಾಟಿಸುತ್ತಾಳೆ ಎಂದು ಬಡಾವಣೆಯಲ್ಲಿ ಹೆಸರಿತ್ತು. ಆ ಹೆಸರಿನ ಮದ ನನ್ನ ತಲೆಗೆ ಏರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಮಗೆ ಮಕ್ಕಳಿಲ್ಲ. ಇವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಿನಲ್ಲೇ ಹೇಳಬಲ್ಲ ಮನುಷ್ಯ. ಅಂಥವರು ಒಂದು ದಿನ ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಾಗ ನಾವು ಡಾಕ್ಟರ ಹತ್ತಿರ ಹೋದೆವು.

ಮೊದಲ ಸಲ ಸಿಸ್ಟರ್ ಬ್ಯಾಗಿನಿಂದ ತೆಗೆದದ್ದು ಕಾಗದವಲ್ಲ, ಒಂದು ಹಿಡಿ ಬೋಲ್ಟು ನಟ್ಟು. ಇವರ ಕೆಲಸ ಏನೆಂದು ಫೋನಿನಲ್ಲೇ ವಿಚಾರಿಸಿಕೊಂಡು, ಕಾಮಾಕ್ಷಿಪಾಳ್ಯದ ಯಾವುದೋ ವರ್ಕ್‌ಶಾಪಿನಿಂದ ಕೇಳಿ ತಂದಿದ್ದರು. ಯಾವುದಕ್ಕೆ ಯಾವುದು ಕೂರುತ್ತದೆ ಎಂದು ಕೇಳಿದರು. ಇವರು ನಕ್ಕು, ಒಂದೊಂದನ್ನೇ ಕೂರಿಸಿ, ಕೊನೆಯದನ್ನು ಬೆಳಕಿಗೆ ಹಿಡಿದು ಇದರ ತಿರುಪಿನ ಮರೆ ಸವೆದುಹೋಗಿದೆ, ನಿಮಗೆ ಮೋಸ ಮಾಡಿದ್ದಾರೆ ಎಂದರು. ಸಿಸ್ಟರ್ ಆಮೇಲೆ ಕಾಗದ ತೆಗೆದರು. ಇವತ್ತು ಯಾವ ವಾರ, ಯಾವ ತಿಂಗಳು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಇಂಥ ಪ್ರಶ್ನೆಗಳು. ನಡುವೆ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳುವುದು. ಆ ಮೂರು ಪದ: ನಿಂಬೆಹಣ್ಣು, ಏಣಿ, ಕುದುರೆ. ಇವರಿಗೆ ನಿಂಬೆಹಣ್ಣು ಸಿಕ್ಕಿತು, ಕುದುರೆ ಸಿಕ್ಕಿತು, ಏಣಿ ಸಿಗಲಿಲ್ಲ. ಒಟ್ಟು ಮೂವತ್ತಕ್ಕೆ ಇಪ್ಪತ್ತಮೂರು.

ಗೇಟಿನ ಹತ್ತಿರ ಬಂದು ನನಗೆ ಹೇಳಿದರು: "ಮೊದಲ್ನೇ ಮೆಟ್ಟಿಲಲ್ಲಿದಾರೆ ಟೀಚರ್. ಇನ್ನೆರಡಿದೆ, ಇಳೀತಾರೆ, ಅದನ್ನ ತಡೆಯೋಕಾಗಲ್ಲ. ಯಾವ ಮೆಟ್ಟಿಲಲ್ಲಿದಾರೆ ಅಂತ ಗೊತ್ತಿದ್ರೆ ನೀವು ಒಂದು ಮೆಟ್ಟಿಲು ಕೆಳಗಡೆ ಹೋಗಿ ನಿಂತ್ಕೋಬಹುದು. ಬಿದ್ರೆ ಹಿಡ್ಕೊಳಕ್ಕೆ."

ಈ ಮಾತನ್ನು ನಾನು ಎಷ್ಟು ಮನೆಯವರ ಮುಂದೆ ಮತ್ತೆ ಹೇಳಿದ್ದೇನೋ. ಅವತ್ತು ಮಾತ್ರ ನನ್ನ ಕಿವಿಗೆ ಬಿದ್ದದ್ದು ಇಪ್ಪತ್ತಮೂರು ಎಂಬ ಸಂಖ್ಯೆಯೊಂದೇ.

ಈ ಮೆಟ್ಟಿಲಿಗೆ ಏನೇನು ನಡೆಯುತ್ತದೆ ಎಂದು ಸಿಸ್ಟರ್ ಬಿಡಿಸಿ ಹೇಳಿದ್ದರು. ಬೆಳಿಗ್ಗೆ ಒಬ್ಬರೇ ಪಾರ್ಕಿಗೆ ಹೋಗಿಬರಬಹುದು, ದಾರಿ ಮಾತ್ರ ಬದಲಾಗಬಾರದು. ಆರು ತಿಂಗಳಿಗೆ ಮತ್ತೆ ನೋಡೋಣ. ಎರಡನೇ ಮೆಟ್ಟಿಲಿಗೆ ಬಂದರೆ ಒಂಟಿಯಾಗಿ ಕಳಿಸುವುದು ನಿಲ್ಲಬೇಕು, ಗೇಟಿಗೆ ಬೀಗ ಬೀಳಬೇಕು, ಕೊರಳಿಗೆ ಹೆಸರು, ಫೋನ್ ನಂಬರ್ ಬರೆದ ಬಿಲ್ಲೆ ಬೀಳಬೇಕು. ಮನೆಯಲ್ಲಿ 'ನೆನಪಿದೆಯಾ' ಎಂಬ ಮಾತನ್ನು ಅಂದೇ ನಿಷೇಧಿಸಿದರು. ನೆನಪಿಲ್ಲದವರನ್ನು ನೆನಪಿದೆಯಾ ಎಂದು ಕೇಳುವುದು ಕುಂಟನಿಗೆ ಓಡು ಎಂದಂತೆ ಎನ್ನುತ್ತಿದ್ದರು.

ಒಮ್ಮೆ ನಾನು, ಇವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ದೂರಿದೆ. ಸಿಸ್ಟರ್ ಹೊಸಹಳ್ಳಿಯ ಒಂದು ಮನೆಯ ವಿಷಯ ಹೇಳಿದರು. ಯಾರ ಮನೆ ಎಂದು ಹೇಳಲಿಲ್ಲ, ಅದನ್ನು ಅವರು ಎಂದೂ ಹೇಳುತ್ತಿರಲಿಲ್ಲ. ಅಲ್ಲಿ ಸೊಸೆ, ಅತ್ತೆಯದೆಲ್ಲ ನಾಟಕ, ಮೈಗಳ್ಳತನ ಎಂದು ಕೂತಿದ್ದಳು. ಅವರೆಕಾಯಿ ಕಾಲ. ಸಿಸ್ಟರ್ ಮುದುಕಿಯ ಮುಂದೆ ಒಂದು ಮೊರ ಅವರೆಕಾಯಿ ಸುರಿದು ತಾವೂ ಸುಲಿಯಲು ಕೂತರು. ಮುದುಕಿಯ ಬೆರಳು ಸರಸರ ಸುಲಿಯಿತು. ಆದರೆ ಸಿಪ್ಪೆ ಪಾತ್ರೆಗೆ ಬೀಳುತ್ತಿತ್ತು, ಕಾಳು ಕಸಕ್ಕೆ. ಸೊಸೆ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳಂತೆ. ಇದು ನಾಟಕವಲ್ಲ, ಎರಡನೇ ಮೆಟ್ಟಿಲು, ಇನ್ನು ಮೇಲೆ ಅವರಿಗೆ ಕೆಲಸ ಹೇಳಬೇಡ, ಪಕ್ಕದಲ್ಲಿ ಕೂತು ಜೊತೆಗೆ ಮಾಡು ಎಂದು ಸಿಸ್ಟರ್ ಹೇಳಿ ಬಂದರಂತೆ.

ಇಷ್ಟೆಲ್ಲ ಕೇಳಿಸಿಕೊಂಡೂ ನಾನು ಮಾಡಬಾರದ್ದನ್ನು ಮಾಡಿದೆ.

ಆರು ತಿಂಗಳಾಗುತ್ತ ಬಂದಿತ್ತು. ಇವರು ಇಳಿಯುತ್ತಿದ್ದಾರೆಂದು ನನಗೆ ಕಾಣುತ್ತಿತ್ತು. ಪಂಚೆಯ ಮೇಲೆ ಪ್ಯಾಂಟು ಹಾಕಿಕೊಳ್ಳುತ್ತಿದ್ದರು. ಆದರೆ ಪಾರ್ಕು ನಿಂತುಹೋಗುತ್ತದಲ್ಲ ಎಂಬುದೇ ನನ್ನ ಕೊರಗು. ಅದೊಂದು ಗಂಟೆ ಇವರಿಗೆ ಇದ್ದ ಸುಖ. ನಿಜ ಹೇಳಿಬಿಡುತ್ತೇನೆ, ನನಗೂ ಇದ್ದ ಸುಖ ಅದೊಂದೇ. ಆ ಒಂದು ಗಂಟೆ ನಾನು ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿಯುತ್ತಿದ್ದೆ. ಇನ್ನು ಕೊರಳಿಗೆ ಬಿಲ್ಲೆ! ದನಕ್ಕೆ ಕಟ್ಟುವ ಹಾಗೆ. ನನ್ನ ಮನೆಯಲ್ಲಿ ಯಾರೂ ಫೇಲಾಗಬಾರದು ಎಂಬ ಹಟವೂ ಸೇರಿಕೊಂಡಿತು.

ಹಳೆಯ ಪ್ರಶ್ನೆಪತ್ರಿಕೆ ತಿರುವಿ ಹಾಕಿದವರಿಗೆಲ್ಲ ಗೊತ್ತು, ಪ್ರಶ್ನೆ ಕೇಳುವವರು ಕೇಳಿದ್ದನ್ನೇ ಕೇಳುತ್ತಾರೆ. ನಾನು ಇವರನ್ನು ಪರೀಕ್ಷೆಗೆ ತಯಾರು ಮಾಡಿದೆ. ನೂರು, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮಗ್ಗಿಯ ಹಾಗೆ ರಾಗವಾಗಿ ಹೇಳಿಸಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, "ರೀ, ಮೂರು ಪದ ಹೇಳಿ" ಎನ್ನುತ್ತಿದ್ದೆ. ನಿಂಬೆಹಣ್ಣು, ಏಣಿ, ಕುದುರೆ ಎಂದ ಮೇಲೆಯೇ ಲೋಟ ಕೈಗೆ ಕೊಡುತ್ತಿದ್ದೆ. ಮೊದಮೊದಲು ಕಾಫಿ ಆರಿ ಕೆನೆ ಕಟ್ಟುತ್ತಿತ್ತು. ಇವರು ಪಾಪ, ಲೋಟ ನೋಡುವುದು, ನನ್ನ ಮುಖ ನೋಡುವುದು. ತಿಂಗಳು ಕಳೆಯುವಷ್ಟರಲ್ಲಿ ನಾನು ಎದುರಿಗೆ ಕೂತರೆ ಸಾಕು, ಮೂರೂ ಪದ ತಾವಾಗಿ ಉದುರುತ್ತಿದ್ದವು. ನನಗೆ ಒಬ್ಬ ದಡ್ಡನನ್ನು ಪಾಸು ಮಾಡಿಸಿದಷ್ಟೇ ಹೆಮ್ಮೆಯಾಯಿತು.

ಸಿಸ್ಟರ್ ಬರುವ ದಿನ ಕ್ಯಾಲೆಂಡರನ್ನು ಇವರ ಕುರ್ಚಿಯ ಎದುರಿನ ಗೋಡೆಗೆ ತಂದು ಹಾಕಿ, ಆದ ದಿನಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದೆ. ಸಿಸ್ಟರ್ ಗಡಿಯಾರ ಬಿಚ್ಚಿಟ್ಟು ಬಂದು ಎದುರಿಗೆ ಕೂತದ್ದೇ ತಡ, ಅವರು ಬಾಯಿ ಬಿಡುವ ಮುಂಚೆ ಇವರು ನಿಂಬೆಹಣ್ಣು, ಏಣಿ, ಕುದುರೆ ಎಂದುಬಿಟ್ಟರು. ಹೋದ ಸಲದ್ದು ಇನ್ನೂ ಮರೆತಿಲ್ಲ ನೋಡಿ ಎಂದು ನಕ್ಕೆ. ಸಿಸ್ಟರ್ ನಗಲಿಲ್ಲ. ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು, ಕಾಗದ ಬಿಡಿಸಿ ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡರು. ಇಪ್ಪತ್ತೈದು. ಮೊದಲ ಸಲಕ್ಕಿಂತ ಎರಡು ಹೆಚ್ಚು. ಹೋಗುವಾಗ ಗೇಟಿನ ಹತ್ತಿರ ನಿಂತು, ನೀವು ಸರಿಯಾಗಿ ನಿದ್ದೆ ಮಾಡುತ್ತೀರಾ ಎಂದಷ್ಟೇ ಕೇಳಿದರು. ಮಾಡುತ್ತೇನೆ ಎಂದೆ.

ಅದಾಗಿ ಹದಿನೆಂಟನೇ ದಿನ ಇವರು ಪಾರ್ಕಿನಿಂದ ವಾಪಸು ಬರಲಿಲ್ಲ.

ಪೊಲೀಸ್ ಕಂಪ್ಲೇಂಟ್, ಫೋಟೋ, ಗೊತ್ತಿದ್ದವರಿಗೆಲ್ಲ ಫೋನು, ಇದನ್ನೆಲ್ಲ ಹೇಗೆ ಮಾಡಿದೆನೋ. ಸಿಸ್ಟರ್ ಸುದ್ದಿ ಕೇಳಿದವರೇ ನಮ್ಮ ಮನೆಗೆ ಬರಲಿಲ್ಲ, ಬಿಳಿ ಶೂ ಹಾಕಿಕೊಂಡು ರಾಜಾಜಿನಗರಕ್ಕೆ ನಡೆದರು. ಇವರು ಹಳೆಯ ಕೆಲಸಕ್ಕೆಂದು ಹೊರಟಿರಬಹುದು ಎಂಬುದು ಅವರ ಅಂದಾಜು. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ಸಿಸ್ಟರ್ ಅದರ ಗೇಟಿನ ಮುಂದೆ ಕತ್ತಲಾಗುವ ತನಕ ನಿಂತಿದ್ದರಂತೆ. ಆದರೆ ಇವರು ಹೋದದ್ದು ಇನ್ನೊಂದು ದಿಕ್ಕಿಗೆ. ಮಾರನೆಯ ದಿನ ಮಧ್ಯಾಹ್ನ ಜ್ಞಾನಭಾರತಿಯ ಹತ್ತಿರ ಒಂದು ಕಾಂಪೌಂಡ್ ಗೋಡೆಗೆ ಒರಗಿ ಬಿದ್ದಿದ್ದರು. ಒಂದೇ ಕಾಲಿನಲ್ಲಿ ಚಪ್ಪಲಿ. ತುಟಿ ಒಡೆದು ರಕ್ತ ಕಟ್ಟಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು.

ಅಲ್ಲೊಂದು ಚಹಾದಂಗಡಿ. ರಾಯಚೂರಿನ ಕಡೆಯಿಂದ ಬಂದ ಹೆಣ್ಣುಮಗಳು ನಡೆಸುತ್ತಾಳೆ. ಹಿಂದಿನ ದಿನ ಸಂಜೆ ಇವರನ್ನು ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟವಳು ಅವಳೇ. ನನ್ನನ್ನು ಕಂಡು ಅಳುತ್ತಲೇ ಹೇಳಿದಳು: "ಮುಂದ ಕುಂತು ಕೇಳೇನ್ರೀ ಅಮ್ಮಾರ. ಹೆಸರೇನು, ಮನೀ ಎಲ್ಲೈತಿ ಅಂತ. ನಿಂಬೆಹಣ್ಣು, ಏಣಿ, ಕುದುರೆ ಅಂದ್ರು. ಮೂರು ಸಲ ಕೇಳೇನಿ, ಮೂರು ಸಲಾನೂ ಅದನ್ನ ಅಂದ್ರು." ಬೀಟಿಗೆ ಬಂದ ಪೊಲೀಸಿನವನೂ ಕೇಳಿದನಂತೆ. ಅವನಿಗೂ ಅದೇ ಉತ್ತರ. ಯಾರೋ ತಲೆಕೆಟ್ಟವನು ಎಂದು ಹೊರಟುಹೋದನಂತೆ.

ಯಾರಾದರೂ ಎದುರಿಗೆ ಕೂತು ಪ್ರಶ್ನೆ ಕೇಳಿದರೆ ಏನು ಹೇಳಬೇಕೆಂದು ನಾನು ಇವರಿಗೆ ಕಲಿಸಿದ್ದೆ. ಒಂದು ತಿಂಗಳು, ದಿನಾ ಬೆಳಿಗ್ಗೆ, ಕಾಫಿ ತೋರಿಸಿ ಕಲಿಸಿದ್ದೆ. ಅದೇ ತಿಂಗಳು ನನ್ನ ಫೋನ್ ನಂಬರ್ ಕಲಿಸಿದ್ದರೆ ಇವರು ಆ ಸಂಜೆಯೇ ಮನೆಗೆ ಬರುತ್ತಿದ್ದರು. ಹತ್ತು ಅಂಕಿ. ಗಣಿತದ ಟೀಚರಿಗೆ ಹತ್ತು ಅಂಕಿ ಕಲಿಸುವುದು ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಸ್ಪತ್ರೆಯ ವರಾಂಡದಲ್ಲಿ ಸಿಸ್ಟರ್ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಬಾಯಿಪಾಠ, ಕಾಫಿ, ಕ್ಯಾಲೆಂಡರ್. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಗೊತ್ತಿತ್ತು ಟೀಚರ್" ಎಂದರು. "ಕೇಳೋಕ್ ಮುಂಚೆ ಉತ್ತರ ಬಂದ್ರೆ ಗೊತ್ತಾಗಲ್ವಾ. ಅವತ್ತೇ ಬೇರೆ ಪದ ಕೊಟ್ಟು ಕೇಳ್ಬೇಕಿತ್ತು. ನಿಮ್ಮ ಮುಖ ನೋಡ್ದೆ, ಕೈ ಬರಲಿಲ್ಲ. ಅವ್ರ ಮುಖ ನೋಡಿ ಬರೀಬೇಕಾಗಿದ್ದನ್ನ ನಿಮ್ಮ ಮುಖ ನೋಡಿ ಬರೆದ್ಬಿಟ್ಟೆ."

ಡಾಕ್ಟರ ಹತ್ತಿರ ಹೋಗಿ ತಾವೇ ತಮ್ಮ ತಪ್ಪು ಹೇಳಿಕೊಂಡರು. ನನ್ನ ಹೆಸರು ಎತ್ತಲಿಲ್ಲ, ಅದನ್ನು ತಮ್ಮ ಹೊಟ್ಟೆಗೇ ಹಾಕಿಕೊಂಡರು. ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಮನೆಯವರನ್ನು ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮೂರು ಪದಗಳನ್ನು ಆ ಮನೆಗೆ ಬಂದ ಮೇಲೆ, ಅಲ್ಲಿ ಕಾಣುವ ಸಾಮಾನು ಬಿಟ್ಟು ಬೇರೆ ಯೋಚಿಸಿ ಆರಿಸುತ್ತಿದ್ದರು. ಒಂದು ಮನೆಯಲ್ಲಿ ಹೇಳಿದ್ದನ್ನು ಅದೇ ಮನೆಯಲ್ಲಿ ಎರಡನೇ ಸಲ ಹೇಳಲಿಲ್ಲ. ಮರುಕದಿಂದ ಒಂದು ಮಾರ್ಕೂ ಕೊಡಲಿಲ್ಲ. ಕೆಲವು ಮನೆಯವರು ಅವರನ್ನು ಕಲ್ಲೆದೆಯವರು ಎಂದು ಕರೆದದ್ದು ನನಗೆ ಗೊತ್ತು. ಅವರ ಎದೆ ಕಲ್ಲಾದದ್ದಕ್ಕೆ ಕಾರಣ ಯಾರೆಂದು ನಾನು ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯಿಂದ ಇವರು ಎದ್ದು ಬಂದದ್ದು ಎರಡನೇ ಮೆಟ್ಟಿಲಿಗಲ್ಲ, ಅದರ ಕೊನೆಯ ಅಂಚಿಗೆ. ಸಿಸ್ಟರ್ ಎರಡು ವಾರಕ್ಕೊಮ್ಮೆ ಶನಿವಾರ ಬರುತ್ತಿದ್ದರು, ಡಾಕ್ಟರು ಕಳಿಸಲಿ ಬಿಡಲಿ. ಮೂರು ವರ್ಷ ಬಂದರು. ಸ್ನಾನ ಮಾಡಿಸುವಾಗ ತಲೆಗೆ ಮೊದಲು ನೀರು ಹಾಕಬೇಡಿ, ಕಾಲಿನಿಂದ ಶುರು ಮಾಡಿ, ಹೆದರುವುದಿಲ್ಲ. ಬಿಳಿ ತಟ್ಟೆಯಲ್ಲಿ ಮೊಸರನ್ನ ಕಾಣುವುದಿಲ್ಲ, ಬಾಳೆ ಎಲೆಯ ತುಂಡು ಹಾಕಿ ಬಡಿಸಿ. ಇಂಥವು. ಇವರು ನನ್ನನ್ನು ಯಾರೆಂದು ಗುರುತಿಸದೆ ಹೋದ ದಿನ ಪಕ್ಕದಲ್ಲಿ ಕೂತು, ಹೆಂಡತಿ ಎಂದು ಗೊತ್ತಿಲ್ಲದಿದ್ದರೂ ಬೇಕಾದವರು ಎಂದು ಗೊತ್ತಿದೆ, ಕೈ ಹೇಗೆ ಹಿಡಿದಿದ್ದಾರೆ ನೋಡಿ ಎಂದರು.

ಒಂದೊಂದೇ ಮಾತು ಹೋಗಿ ಕೊನೆಗೆ ಇವರ ಬಾಯಲ್ಲಿ ಆ ಮೂರು ಪದ ಉಳಿದವು. ನೀರು ಬೇಕಾದರೂ ಅದೇ, ನೋವಾದರೂ ಅದೇ. ನನ್ನ ಪಾಪವೇ ಎದುರಿಗೆ ಕೂತು ಮಾತಾಡಿದ ಹಾಗಿರುತ್ತಿತ್ತು. ಒಂದು ಸಂಜೆ ತಡೆಯಲಾರದೆ ಇವರ ಕೆನ್ನೆಗೆ ಹೊಡೆದೆ. ಇವರು ಕೆನ್ನೆ ಹಿಡಿದುಕೊಂಡು ಮತ್ತೆ ನಿಂಬೆಹಣ್ಣು ಎಂದರು. ಆ ಶನಿವಾರ ಸಿಸ್ಟರಿಗೆ ಹೇಳಿದೆ. ಅವರು ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದರು. ನೋಡಿಕೊಳ್ಳುವವರಿಗೆ ಕೇಳುವ ಪ್ರಶ್ನೆಗಳು. ನಿದ್ದೆ ಎಷ್ಟು, ಊಟ ಎಷ್ಟು, ಸಾಯಬೇಕು ಅನ್ನಿಸಿದೆಯಾ, ಕೈ ಎತ್ತಿದ್ದೀರಾ.

"ಇವತ್ತು ಪರೀಕ್ಷೆ ನಿಮ್ಗೆ" ಎಂದರು. "ಇದ್ರಲ್ಲಿ ಕಾಪಿ ಹೊಡೀಬೇಡಿ."

ನಾನು ಅಂದು ಕಾಪಿ ಹೊಡೆಯಲಿಲ್ಲ. ನಿದ್ದೆ, ಊಟ ಇದ್ದಷ್ಟನ್ನೇ ಬರೆದೆ, ಕೊನೆಯ ಎರಡಕ್ಕೂ ಹೌದು ಎಂದು ಬರೆದೆ. ಅದನ್ನು ನೋಡಿ ಡಾಕ್ಟರು ನನಗೂ ಮಾತ್ರೆ ಬರೆದುಕೊಟ್ಟರು. ಸಿಸ್ಟರ್ ಪಕ್ಕದ ಮನೆಯಾಕೆಯನ್ನು ಒಪ್ಪಿಸಿ ದಿನಾ ಒಂದು ಗಂಟೆ ಇವರ ಹತ್ತಿರ ಕೂರುವ ಏರ್ಪಾಡು ಮಾಡಿದರು. ನಾನು ಇಂದು ಬದುಕಿರುವುದು ಆ ಕಾಗದದಿಂದ.

ಎರಡು ತಿಂಗಳ ಹಿಂದೆ ಕೊನೆಯ ಸಲ ಬಂದಾಗ ನಮ್ಮ ಮನೆಯ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಂತರು. ಹೃದಯಕ್ಕೆ ಶಕ್ತಿಯಿಲ್ಲವಂತೆ, ಅದನ್ನೂ ಯಾರದೋ ರಿಪೋರ್ಟು ಓದಿದ ಹಾಗೆ ಹೇಳಿದರು. ಇವರ ಬಾಯಲ್ಲಿ ಆಗ ಕುದುರೆ ಒಂದೇ ಉಳಿದಿತ್ತು. ಸಿಸ್ಟರ್ ಬ್ಯಾಗಿನಿಂದ ಖಾಲಿ ಫಾರಂಗಳ ಒಂದು ಕಟ್ಟು ತೆಗೆದು ನನ್ನ ಮಡಿಲಿಗಿಟ್ಟರು.

"ಇನ್ಮೇಲೆ ನೀವೇ ಬರೀರಿ. ಪೇಪರ್ ತಿದ್ದಿದೋರು ತಾನೆ" ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಮಾತು ಪೂರ್ತಿ ಹೋಗಿ, ನುಂಗೋದೂ ನಿಂತ್ರೆ ಹಾಗೇ ಬರೀರಿ. ಆಗ ಡಾಕ್ಟ್ರು ಮೂಗಿಗೆ ಟ್ಯೂಬ್ ಹಾಕ್ಸಲ್ಲ, ಆಸ್ಪತ್ರೆಗೆ ಎಳೆದಾಡ್ಸಲ್ಲ. ಮನೇಲೇ ಇರ್ತಾರೆ, ನಿಮ್ಮ ಕೈಯಲ್ಲಿ. ಇನ್ನೂ ಚೆನ್ನಾಗಿದಾರೆ ಅಂತ ಒಂದು ಮಾರ್ಕು ಜಾಸ್ತಿ ಹಾಕಿದ್ರೆ ಅದರ ನೋವು ತಿನ್ನೋರು ಅವ್ರು, ನೀವಲ್ಲ."

ಅವರು ತೀರಿಕೊಂಡ ದಿನ ಪಕ್ಕದ ಮನೆಯಾಕೆಯನ್ನು ಕೂರಿಸಿ ಕಾಮಾಕ್ಷಿಪಾಳ್ಯಕ್ಕೆ ಹೋಗಿಬಂದೆ. ಓಣಿಯ ತುಂಬ ಜನ. ನನ್ನ ಹಾಗೆಯೇ ಕೆಂಪುಗಣ್ಣಿನ, ಬಾಚದ ತಲೆಯ ಹೆಂಗಸರು ಹತ್ತಾರು. ಯಾರಿಗೂ ಯಾರ ಪರಿಚಯವೂ ಇಲ್ಲ, ಎಲ್ಲರಿಗೂ ವಾಪಸು ಓಡುವ ಅವಸರ. ಬಾಗಿಲ ಪಕ್ಕ ಬಿಳಿ ಶೂ ಇತ್ತು. ನಾನು ಸಿಸ್ಟರ್ ಕಾಲು ಮುಟ್ಟಿ ನಮಸ್ಕರಿಸಿ, ಒಂದು ಗಂಟೆಯೊಳಗೆ ಮನೆಗೆ ಬಂದೆ.

ಅದಾಗಿ ಆರು ದಿನ. ಮೂರು ದಿನದಿಂದ ಗಂಜಿ ಇವರ ಬಾಯಲ್ಲೇ ನಿಂತು, ತುಟಿಯಂಚಿನಿಂದ ಇಳಿದುಹೋಗುತ್ತಿದೆ. ಇವತ್ತು ಬೆಳಿಗ್ಗೆ ಫಾರಂ ತೆಗೆದುಕೊಂಡು ಕೂತೆ. ನುಂಗುವುದು: ಇಲ್ಲ. ಎದ್ದು ಕೂರುವುದು: ಇಲ್ಲ. ಕೊನೆಯದು, ಹೇಳುವ ಪದಗಳು ಎಷ್ಟು. ಪೆನ್ನು ಅಲ್ಲಿ ನಿಂತಿತು. ಒಂದು ಎಂದು ಬರೆಯುವ ಆಸೆ ಬೆಟ್ಟದಷ್ಟಿತ್ತು. ಮೊನ್ನೆಯೋ ಆಚೆ ಮೊನ್ನೆಯೋ ಕುದುರೆ ಎಂದ ಹಾಗೆ ಕೇಳಿಸಿತ್ತಲ್ಲ. ಒಂದು ಎಂದು ಬರೆದರೆ ಡಾಕ್ಟರು ಇನ್ನೂ ಏನಾದರೂ ಮಾಡುತ್ತಾರೆ, ಇವರು ಇನ್ನೂ ಸ್ವಲ್ಪ ದಿನ ಇರುತ್ತಾರೆ. ಇವರು ಹೋದರೆ ಈ ಮನೆಯಲ್ಲಿ ನಾನು ಯಾರ ಗಂಟಲು ನೋಡಿಕೊಂಡು ಕೂರಲಿ.

ಕೈಗಡಿಯಾರ ಬಿಚ್ಚಿಟ್ಟೆ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಮೊದಲಿನ ಹಾಗೆ ಎದುರಿಗೆ ಕೂತೆ.

"ರೀ, ಮೂರು ಪದ ಹೇಳಿ."

ಇವರು ನನ್ನನ್ನೇ ನೋಡಿದರು. ತುಟಿ ಸ್ವಲ್ಪ ಅಲುಗಿತು. ಯಾವ ಪದಗಳನ್ನು ಕೇಳಿ ಮೂರು ವರ್ಷ ಕಿವಿ ಮುಚ್ಚಿಕೊಂಡಿದ್ದೆನೋ ಅವಕ್ಕಾಗಿ ಕಾದು ಕೂತೆ. ನನ್ನ ನಾಲಗೆಯ ತುದಿಗೆ 'ಕು' ಬಂದು ನಿಂತಿತ್ತು. ಅದೊಂದು ಅಕ್ಷರ ಎತ್ತಿಕೊಟ್ಟರೆ ಮಿಕ್ಕದ್ದನ್ನು ಇವರು ಹೇಳಿದರೂ ಹೇಳಿಯಾರು. ಹಲ್ಲು ಕಚ್ಚಿಕೊಂಡೆ. ಹೊರಗೆ ಹಾಲಿನವನು ಬಂದು ಹೋದ. ಇವರು ಕಣ್ಣು ಮುಚ್ಚಿಕೊಂಡರು.

ಸೊನ್ನೆ ಬರೆದೆ. ಫಾರಮ್ಮಿನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಬಟ್ಟಲಲ್ಲಿ ನೀರು ತಂದು, ಹತ್ತಿ ಅದ್ದಿ, ಇವರ ತುಟಿ ಒದ್ದೆ ಮಾಡಿ, ಕೈ ಹಿಡಿದುಕೊಂಡು ಕೂತೆ.

ಸಿಸ್ಟರ್, ಈ ಸಲ ನಾನು ಹೇಳಿಕೊಡಲಿಲ್ಲ.